ಅಠಾರ ಕಚೇರಿಯ ನಕ್ಷೆ ನಮಗೆ ಕಲಿಸುವ ಪಾಠ

‘ನಕ್ಷೆ’ ಮತ್ತು ‘ಕಚೇರಿ’ ಎಂಬ ಎರಡು ಪದಗಳು ಕನ್ನಡದ ಸ್ವಂತ ಪದಗಳಂತೆಯೇ ಆಗಿಬಿಟ್ಟಿವೆ. ಮೊದಲನೆಯದು ಅರಬ್ಬಿ ಮೂಲದಿಂದ ಉರ್ದುವಿನ ‘ನಕ್ಷಾ’ ಆಗಿ ಬಂದದ್ದು. ಎರಡನೆಯದು ಹಿಂದೂಸ್ತಾನಿಯ ‘ಕಚಹರಿ’. ಇವೆರಡೂ ಕೂಡಿದ ಒಂದು ಇತಿಹಾಸ ಬೆಂಗಳೂರಿನ ಅಠಾರ ಕಚೇರಿಯದು.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡ ಮೇಲೆ ಸರ್ಕಾರದ ಕಾರ್ಯಾಲಯ ಬೆಂಗಳೂರು ಕೋಟೆಯೊಳಗಿನ ಟಿಪ್ಪು ಸುಲ್ತಾನರ ಅರಮನೆಯಲ್ಲಿ ನಡೆಯುತ್ತಿತ್ತು. ಹೈದರಾಲಿ ಆರಂಭಿಸಿ, ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ ಆ ಮರದ ಅರಮನೆ ವಾಸಕ್ಕೆ ಕಟ್ಟಿದ್ದೇ ಹೊರತು ಕಡತಗಳಿಗಲ್ಲ. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಹೊಸ ಕಟ್ಟಡ ಮೇಲೆದ್ದು 1868ರಲ್ಲಿ ಮುಗಿಯಿತು. ಇದರ ವಿನ್ಯಾಸ ಮುಖ್ಯ ಇಂಜಿನಿಯರ್ ಸ್ಯಾಂಕಿ ಅವರದು. ಕಟ್ಟಿಸಿದ ಗುತ್ತಿಗೆದಾರರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಬಂದುದರಿಂದ ಜನರ ಬಾಯಲ್ಲಿ ಅದು ‘ಅಠಾರ ಕಚೇರಿ’ ಆಯಿತು. ಉರ್ದುವಿನಲ್ಲಿ ಅಠಾರಾ ಎಂದರೆ ಹದಿನೆಂಟು.

ಇಂತಹ ಕಟ್ಟಡಕ್ಕೆ ಮೂರು ಬಗೆಯ ಚಿತ್ರಗಳು ಬೇಕು. ಮೇಲಿನಿಂದ ನೋಡಿದಂತೆ ಕೋಣೆ, ಗೋಡೆ, ಬಾಗಿಲು ತೋರಿಸುವುದು ಪ್ಲಾನ್. ಎದುರಿನ ನೋಟ ಎಲಿವೇಷನ್. ಕಟ್ಟಡವನ್ನು ಸೀಳಿ ನೋಡಿದಂತೆ ಎತ್ತರ, ಅಡಿಪಾಯ, ಛಾವಣಿ ತೋರಿಸುವುದು ಸೆಕ್ಷನ್. ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೇ ನೋಡಿ. ಒಳಗೆ ನಿಂತವನಿಗೆ ಗೋಡೆಯ ತಿರುವುಗಳಷ್ಟೇ ಕಾಣುತ್ತವೆ. ಎಂಟು ಮೂಲೆಯ ನಕ್ಷತ್ರ ಕಾಣಬೇಕಾದರೆ ಪ್ಲಾನ್ ನೋಡಬೇಕು.

ಚಿತ್ರಕ್ಕೆ ಅಳತೆಯೇ ಪ್ರಾಣ. ಒಂದು ಅಂಗುಲಕ್ಕೆ ಎಂಟು ಅಡಿ ಎಂದು ಹಿಡಿದರೆ 16 ಅಡಿಯ ಕೋಣೆ ಕಾಗದದಲ್ಲಿ ಎರಡು ಅಂಗುಲ. ಇದೇ ಲೆಕ್ಕದಲ್ಲಿ 700 ಅಡಿ ಉದ್ದದ ವಿಧಾನಸೌಧ ಬರೆಯಲು ಏಳು ಅಡಿಗಿಂತ ಉದ್ದದ ಕಾಗದ ಬೇಕು! ಆದ್ದರಿಂದ ದೊಡ್ಡ ಕಟ್ಟಡಗಳನ್ನು ಭಾಗಭಾಗವಾಗಿ ಹಲವು ಹಾಳೆಗಳಲ್ಲಿ ಬರೆಯುತ್ತಾರೆ.

ವಿಧಾನಸೌಧದ ಕಥೆಯೂ ನಕ್ಷೆಯ ಕಥೆಯೇ. ಕೆ.ಸಿ. ರೆಡ್ಡಿಯವರ ಕಾಲದ ಮೊದಲ ಯೋಜನೆ ಸರಳವಾಗಿತ್ತು. 1951ರ ಜುಲೈ 13ರಂದು ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆ ಯೋಜನೆಯನ್ನು ಬದಲಿಸಿ, ದ್ರಾವಿಡ ಶೈಲಿಯ ಭವ್ಯ ರೂಪ ಕೊಡಿಸಿದರು. ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ. ಕಲ್ಲು ಏಳುವ ಮೊದಲೇ ಕಾಗದದ ಮೇಲೆ ಆದ ಬದಲಾವಣೆ ನಾಡಿನ ಗುರುತನ್ನೇ ಬದಲಿಸಿತು.

1956ರಲ್ಲಿ ವಿಧಾನಸೌಧ ಸಿದ್ಧವಾದ ಮೇಲೆ ಸಚಿವಾಲಯ ಅಲ್ಲಿಗೆ ಹೋಯಿತು. ಅಠಾರ ಕಚೇರಿ ಉಚ್ಚ ನ್ಯಾಯಾಲಯದ್ದಾಯಿತು. 1982ರಲ್ಲಿ ಅದನ್ನು ಕೆಡವುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆ ಹೋದರು. ಕೆಡವಬೇಕೆಂದಿದ್ದ ಕಟ್ಟಡದಲ್ಲೇ ಆ ಪ್ರಕರಣದ ವಿಚಾರಣೆ ನಡೆಯಿತು. ಕಟ್ಟಡ ಉಳಿಯಿತು.

ರಾಜಧಾನಿಯ ಕಟ್ಟಡಕ್ಕೆ ಹೋರಾಡುವವರು ಸಿಕ್ಕರು. ಮಲೆನಾಡಿನ ಹೋಬಳಿಗಳ ಹಳೆಯ ಹೆಂಚಿನ ಕಚೇರಿ, ಶಾಲೆ, ಪ್ರವಾಸಿ ಬಂಗಲೆಗಳಿಗೆ ಯಾರಿದ್ದಾರೆ? ಮಳೆಗೆ ಛಾವಣಿ ಸೋರಿದರೆ ದುರಸ್ತಿ ಮಾಡುವವರಿಗೆ ಮೂಲ ಅಳತೆ ಬೇಕು. ನಕ್ಷೆ ಇಲ್ಲದಿದ್ದರೆ ಕೆಡವುವುದೇ ಸುಲಭವೆನಿಸುತ್ತದೆ. ಕೆಡವಿದ ಮೇಲೆ ನಕ್ಷೆಯೂ ಇಲ್ಲದಿದ್ದರೆ ಆ ಕಟ್ಟಡ ಇತ್ತೆಂಬುದಕ್ಕೆ ಸಾಕ್ಷಿಯೇ ಉಳಿಯದು.

ವಿದ್ಯಾರ್ಥಿ ಮಿತ್ರರೇ, ಈ ಕೆಲಸ ನಿಮ್ಮಿಂದಲೂ ಸಾಧ್ಯ. ಸಂಬಂಧಪಟ್ಟವರ ಅನುಮತಿ ಪಡೆದು, ಅಳತೆ ಟೇಪು ಮತ್ತು ಗ್ರಾಫ್ ಹಾಳೆ ಹಿಡಿದು ಹೊರಡಿ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಸಾಕು. ಕೋಣೆಯ ಉದ್ದ, ಅಗಲ, ಗೋಡೆಯ ದಪ್ಪ, ಬಾಗಿಲು ಕಿಟಕಿಗಳ ಸ್ಥಾನ ಬರೆದುಕೊಳ್ಳಿ. ಎರಡು ಕರ್ಣಗಳನ್ನೂ ಅಳೆಯಿರಿ. ಎದುರುಬದುರು ಗೋಡೆಗಳು ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಮೂಲೆಗಳು ನೇರವಾಗಿವೆ ಎಂದರ್ಥ. ತರಗತಿಯಲ್ಲಿ ಕಲಿತ ರೇಖಾಗಣಿತ ಇಲ್ಲಿ ಕೈಗೆ ಸಿಗುತ್ತದೆ. ಅಳೆದ ದಿನಾಂಕ ಬರೆದು ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯದಲ್ಲಿಡಿ. ಇಂದು ನೀವು ಎಳೆದ ಗೆರೆ ನಾಳಿನವರಿಗೆ ಇತಿಹಾಸದ ದಾಖಲೆಯಾಗುತ್ತದೆ.