ಅಫ್ರೊಡೈಟಿ: ‘ಎಲ್ಲ ಜನರ’ ದೇವತೆ ‘ಕೀಳು’ ದೇವತೆಯಾದ ಕಥೆ

ಅಫ್ರೊಡೈಟಿ ಯಾರು ಅಂತ ಕೇಳಿದರೆ ನನ್ನ ಹತ್ತಿರವೂ ತುಂಬಾ ದಿನ ಇದ್ದದ್ದು ಒಂದೇ ಸಾಲಿನ ಉತ್ತರ: ಪ್ರಾಚೀನ ಗ್ರೀಕರ ಪ್ರೇಮ ಮತ್ತು ಸೌಂದರ್ಯದ ದೇವತೆ. ಕ್ವಿಜ್‌ಗೆ ಇಷ್ಟು ಸಾಕು. ಆದರೆ ಅವಳನ್ನು ಪೂಜಿಸಿದ ಊರುಗಳ ಬಗ್ಗೆ ಓದತೊಡಗಿದಾಗ ನನಗೆ ಸಿಕ್ಕವಳೇ ಬೇರೆ. ಆಕೆ ರಾಜಕೀಯದ ದೇವತೆಯೂ ಹೌದು.

ಎರಡು ಹುಟ್ಟು

ಹೋಮರನ ‘ಇಲಿಯಡ್’ನಲ್ಲಿ ಆಕೆ ಜ್ಯೂಸ್ ಮತ್ತು ಡಯೋನಿಯ ಮಗಳು. ಹೆಸಿಯಡ್ ಹೇಳುವ ಕಥೆ ಬೇರೆ. ಕ್ರೋನಸ್ ತನ್ನ ತಂದೆ ಯುರೇನಸ್‌ನ ಜನನಾಂಗ ಕತ್ತರಿಸಿ ಕಡಲಿಗೆ ಎಸೆದ. ಅದರ ಸುತ್ತ ಎದ್ದ ನೊರೆಯಲ್ಲಿ ಆಕೆ ಹುಟ್ಟಿದಳು. ಗ್ರೀಕ್‌ನಲ್ಲಿ ‘ಅಫ್ರೊಸ್’ ಅಂದರೆ ನೊರೆ. ಕಿಥೆರಾ ದ್ವೀಪದ ಬಳಿ ಹಾದು, ಸೈಪ್ರಸ್‌ನಲ್ಲಿ ದಡ ಹತ್ತಿದಳು.

ಸೈಪ್ರಸ್ ಅನ್ನೋದು ಪೂರ್ವ–ಪಶ್ಚಿಮಗಳು ಕೂಡುವ ಜಾಗ. ಮೆಸೊಪೊಟೇಮಿಯಾದ ಇಶ್ತಾರ್, ಫಿನೀಷಿಯನ್ನರ ಅಸ್ತಾರ್ತೆ ಜೊತೆ ಅಫ್ರೊಡೈಟಿಗೆ ಹತ್ತಿರದ ನಂಟಿದೆ. ಸೈಪ್ರಸ್‌ನ ಗುಡಿಗೆ ಮೂಲ ಸಿರಿಯಾ ಸೀಮೆಯ ಅಸ್ಕಲಾನ್ ಅಂತ ಹೆರೊಡೊಟಸ್ ಕೂಡ ಬರೆದಿದ್ದಾನೆ. ‘ಅಪ್ಪಟ ಗ್ರೀಕ್ ಸಂಸ್ಕೃತಿ’ ಅನ್ನೋರಿಗೆ ಗ್ರೀಕರೇ ಕೊಟ್ಟ ಉತ್ತರ ಇದು. ಇನ್ನೂ ಒಂದು ಮಾತು: ಸೈಪ್ರಸ್‌ನ ಪಾಫೋಸ್‌ನಲ್ಲಿ ಈ ಸೌಂದರ್ಯ ದೇವತೆಗೆ ಮುಖವೇ ಇರಲಿಲ್ಲ. ಜನ ಪೂಜಿಸುತ್ತಿದ್ದದ್ದು ಶಂಕುವಿನಾಕಾರದ ಕಲ್ಲನ್ನು.

ಅಥೆನ್ಸ್‌ನ ‘ಪಾಂಡೆಮೊಸ್’

ಕಿಥೆರಾ ಮತ್ತು ಸ್ಪಾರ್ಟಾದಲ್ಲಿ ಆಯುಧ ಹಿಡಿದ ಅಫ್ರೊಡೈಟಿ ಇದ್ದಳು. ಅಥೆನ್ಸ್‌ನಲ್ಲಿ ಅವಳ ಒಂದು ಹೆಸರು ‘ಪಾಂಡೆಮೊಸ್’, ಅಂದರೆ ಎಲ್ಲ ಜನರವಳು. ‘ಡೆಮಾಕ್ರಸಿ’ಯಲ್ಲಿರುವ ‘ಡೆಮೊಸ್’ ಅನ್ನೋ ಪದವೇ ಇಲ್ಲೂ ಇದೆ. ಚದುರಿದ್ದ ಹಳ್ಳಿಗಳನ್ನು ಥೀಸಿಯಸ್ ಒಂದೇ ನಗರವಾಗಿ ಕೂಡಿಸಿದಾಗ ಈಕೆಯ ಪೂಜೆ ಶುರುಮಾಡಿದ ಅಂತ ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ದಾಖಲಿಸಿದ್ದಾನೆ. ಜೊತೆಗೇ ಪೂಜೆ ಪಡೆದವಳು ಪೀಥೋ, ಮಾತಿನಿಂದ ಮನವೊಲಿಸುವ ದೇವತೆ. ಒಬ್ಬರನ್ನೊಬ್ಬರು ಅರಿಯದ ಜನ ಒಂದೇ ನಗರವಾಗಬೇಕಾದರೆ ಕತ್ತಿಯೊಂದೇ ಸಾಲದು, ಒಲವು ಮತ್ತು ಮಾತು ಬೇಕು. ಈ ಜೋಡಿಯಲ್ಲಿ ನನಗೆ ಕಾಣೋದು ಇದೇ ತಿಳಿವಳಿಕೆ.

ಹಾಗಾದರೆ ಅವಳು ‘ಕೀಳು’ ಆಗಿದ್ದು ಯಾವಾಗ? ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಪೌಸೇನಿಯಸ್ ಅನ್ನುವ ಪಾತ್ರ ಬರುತ್ತೆ (ಹೆಸರು ಒಂದೇ, ಆಳು ಬೇರೆ). ಎರಡು ಹುಟ್ಟಿನ ಕಥೆ ಇಟ್ಟುಕೊಂಡು ಆತ ಇಬ್ಬರು ಅಫ್ರೊಡೈಟಿಯರನ್ನು ಮಾಡುತ್ತಾನೆ. ತಾಯಿಯಿಲ್ಲದೆ ಹುಟ್ಟಿದ ‘ಯುರೇನಿಯಾ’ ಸ್ವರ್ಗೀಯಳು. ಅವಳಲ್ಲಿ ಹೆಣ್ಣಿನ ಪಾಲಿಲ್ಲ, ಹಾಗಾಗಿ ಅವಳ ಪ್ರೇಮ ಗಂಡಸರ ನಡುವಿನದು, ಶ್ರೇಷ್ಠ. ತಾಯಿಯಿದ್ದ ‘ಪಾಂಡೆಮೊಸ್’ ಪಾಮರರ ದೇಹಕಾಮದವಳು. ಗಮನಿಸಿ: ‘ಎಲ್ಲರ’ ಅನ್ನುವುದು ‘ಕೀಳು’ ಆಯಿತು, ಹೆಣ್ಣಿನ ಸೋಂಕಿಲ್ಲದ್ದು ‘ಮೇಲು’ ಆಯಿತು. ಆದರೆ ನಗರ ಆ ಮಾತಿಗೆ ಕಿವಿಗೊಡಲಿಲ್ಲ. ಕ್ರಿ.ಪೂ. 3ನೇ ಶತಮಾನದ ಒಂದು ಶಾಸನದ ಪ್ರಕಾರ, ಪಾಂಡೆಮೊಸ್‌ಳ ಮೆರವಣಿಗೆಗೆ ಗುಡಿ ಶುದ್ಧಿ ಮಾಡಿ, ಮೂರ್ತಿ ತೊಳೆಸುವ ಹೊಣೆ ನಗರದ ಅಧಿಕಾರಿಗಳದ್ದೇ.

ಅಧಿಕಾರ ಮತ್ತು ಮೈ

ಆಮೇಲೆ ಅವಳು ಅಧಿಕಾರಕ್ಕೂ ಬೇಕಾದಳು. ರೋಮನ್ನರು ಅವಳನ್ನು ವೀನಸ್ ಎಂದರು. ಜೂಲಿಯಸ್ ಸೀಸರ್ ತಾನು ಅವಳ ವಂಶದವನೆಂದು ಹೇಳಿಕೊಂಡು ಕ್ರಿ.ಪೂ. 46ರಲ್ಲಿ ರೋಮ್‌ನಲ್ಲಿ ಗುಡಿ ಅರ್ಪಿಸಿದ. ಇತ್ತ ಕಲೆಯಲ್ಲಿ, ಕ್ರಿ.ಪೂ. 4ನೇ ಶತಮಾನದ ಶಿಲ್ಪಿ ಪ್ರಾಕ್ಸಿಟಲೀಸ್ ಕ್ನಿಡೋಸ್‌ಗೆ ಕೆತ್ತಿದ ನಗ್ನ ಮೂರ್ತಿಯ ನಂತರ ಅವಳ ಮೈಯೇ ಮುಖ್ಯವಾಗುತ್ತಾ ಹೋಯಿತು. 1820ರಲ್ಲಿ ಮೀಲೋಸ್ ದ್ವೀಪದಲ್ಲಿ ಸಿಕ್ಕ, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ಕೈಯಿಲ್ಲದ ಮೂರ್ತಿಯಂತೂ ‘ಪರಿಪೂರ್ಣ ಹೆಣ್ಣಿನ’ ಅಳತೆಗೋಲೇ ಆಗಿಬಿಟ್ಟಿತು.

1914ರ ಮಾರ್ಚ್ 10ರಂದು, ಹೆಣ್ಣುಮಕ್ಕಳ ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಮೇರಿ ರಿಚರ್ಡ್‌ಸನ್ ಲಂಡನ್‌ನ ನ್ಯಾಷನಲ್ ಗ್ಯಾಲರಿಗೆ ಹೋಗಿ, ವೆಲಾಸ್ಕೆಸ್ ಬರೆದ ವೀನಸ್ ಚಿತ್ರವನ್ನು ಕತ್ತಿಯಿಂದ ಸೀಳಿದಳು. ಸಂಗಾತಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಬಂಧನಕ್ಕೆ ಅದು ಆಕೆಯ ಪ್ರತಿಭಟನೆ. ಚಿತ್ರದ ಹೆಣ್ಣಿಗೆ ಮರುಗುವವರು ಜೈಲಿನಲ್ಲಿರುವ ಹೆಣ್ಣಿಗೆ ಯಾಕೆ ಮರುಗಲ್ಲ ಅನ್ನೋದು ಅದರ ಹಿಂದಿದ್ದ ಪ್ರಶ್ನೆ. ಚಿತ್ರ ಹರಿದದ್ದು ಸರಿಯೋ ತಪ್ಪೋ, ನೀವು ವಾದ ಮಾಡಬಹುದು. ಆ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಡಬೇಕಿದೆ.

ಇನ್ನು ಮುಂದೆ ಕ್ವಿಜ್‌ನಲ್ಲಿ ಈ ಹೆಸರು ಬಂದರೆ ನಾನು ಇನ್ನೊಂದು ಸಾಲು ಸೇರಿಸುತ್ತೇನೆ: ಚದುರಿದ ಜನರನ್ನು ಒಂದು ಮಾಡಿದ ದೇವತೆ.