ಐನೂರ್ವರ ನಾಡಿನಲ್ಲಿ ಶನಿವಾರದ ಸಂತೆ

ನಮ್ಮ ಭಾಗದ ಇತಿಹಾಸವೆಂದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಗುಡಿಗಳು ಎಂದೇ ಎಲ್ಲರೂ ಭಾವಿಸುತ್ತಾರೆ. ಆದರೆ ಐಹೊಳೆಯ ಹೆಸರನ್ನು ದೂರದೂರಕ್ಕೆ ಒಯ್ದವರು ವ್ಯಾಪಾರಿಗಳು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಉಲ್ಲೇಖ ದಕ್ಷಿಣ ಭಾರತದ ಅನೇಕ ಶಾಸನಗಳಲ್ಲಿದೆ. ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನದಲ್ಲೂ ಇದೆ. ತಮ್ಮ ಸರಕಿನ ಮೇಲೆ ತಾವೇ ಸುಂಕ ಗೊತ್ತುಪಡಿಸಿ ದೇವಾಲಯಗಳಿಗೆ ಬಿಟ್ಟುಕೊಟ್ಟವರು ಇವರು.

ಆ ಸಂಘ ಈಗಿಲ್ಲ. ಇಂದಿನ ಸಂತೆಗಳು ಅದರ ನೇರ ಮುಂದುವರಿಕೆ ಎಂದು ನಾನು ಹೇಳಲಾರೆ. ಆದರೆ ಮಾತಿನ ಮೇಲೆ ನಡೆಯುವ ವ್ಯಾಪಾರ ಹೇಗಿರುತ್ತದೆಂದು ತಿಳಿಯಲು ಹುನಗುಂದ ಸೀಮೆಯ ಅಮೀನಗಡದ ಕುರಿ ಸಂತೆಗಿಂತ ಒಳ್ಳೆಯ ಪಾಠ ಸಿಗದು.

ಶನಿವಾರ ನಮ್ಮ ತರಗತಿಯಲ್ಲಿ ಹಾಜರಿ ಕಡಿಮೆ. ಒಮ್ಮೆ ಹತ್ತನೆಯ ತರಗತಿಯ ಮಕ್ಕಳನ್ನು ನಸುಕಿನಲ್ಲೇ ಆ ಸಂತೆಗೆ ಕರೆದೊಯ್ದೆ. ತರಗತಿಯಲ್ಲಿ ಬಾಯಿ ಬಿಡದ ಕುರಿಗಾರರ ಹುಡುಗನೊಬ್ಬ ಅಂದು ನಮಗೆಲ್ಲ ಗುರುವಾದ. ಟಗರಿನ ತುಟಿ ಸರಿಸಿ ಹಲ್ಲು ನೋಡಿ ವಯಸ್ಸು ಹೇಳಿದ. ಬೆನ್ನು ಒತ್ತಿ ಮಾಂಸ ಅಂದಾಜು ಮಾಡಿದ. ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿಯುವುದೇಕೆ ಎಂದು ಕೇಳಿದೆ. “ಬಾಜೂದವ್ರಿಗೆ ರೇಟ್ ಗೊತ್ತಾದ್ರ ಮುಂದಿನ ವ್ಯಾಪಾರ ಕೆಡ್ತದ್ರೀ ಸರ” ಎಂದ. ಬೆಲೆ ಕುದುರಿದರೆ ಸಂಚಕಾರವೆಂದು ಒಂದಿಷ್ಟು ಮುಂಗಡ ಕೈಗಿಡುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ. ಆಮೇಲೆ ಯಾರು ಹೆಚ್ಚು ಕೊಟ್ಟರೂ ಮಾತು ತಪ್ಪುವಂತಿಲ್ಲ; ತಪ್ಪಿದವನನ್ನು ಮುಂದಿನ ವಾರ ಯಾರೂ ನಂಬರು.

ಅವನ ತಂದೆ ಅಂದು ಎರಡು ಟಗರು ಮಾರಿದರು. “ಕುರಿ ಅಂದ್ರ ನಮ್ಮ ಬ್ಯಾಂಕ್ ರೀ. ಇದು ಮಗಳ ಕಾಲೇಜಿನ ಫೀಜಿಗೆ” ಎಂದರು. ಮೂರನೆಯದಕ್ಕೆ ತಕ್ಕ ಬೆಲೆ ಬರಲಿಲ್ಲ. ಮರಳಿ ಊರಿಗೆ ಹೊಡೆದುಕೊಂಡು ಹೋದರು. ಇನ್ನೊಂದು ಶನಿವಾರ ಇದ್ದೇ ಇದೆ ಎಂಬ ಧೈರ್ಯವೇ ಬಡವನಿಗೆ ಸಂತೆ ಕೊಡುವ ಬಲ.

ಸೇರು, ಪಾವುಗಳ ಜಾಗಕ್ಕೆ 1962ರ ಹೊತ್ತಿಗೆ ಕಿಲೋ ಬಂತು; ಕಾಯಿಪಲ್ಲೆ ಸಾಲಿನಲ್ಲಿ ‘ಪಾವ್ ಕಿಲೋ’ ಎಂಬ ಮಾತು ಇನ್ನೂ ಕೇಳುತ್ತದೆ. ಈಗ ಕುರಿಯ ಫೋಟೋ ಮೊಬೈಲಿನಲ್ಲಿ ಓಡಾಡುತ್ತದೆ, ಕೊಳ್ಳುವವರು ಹಟ್ಟಿಗೇ ಬರುತ್ತಾರೆ. ಅಲ್ಲಿ ಕೊಳ್ಳುವವನು ಒಬ್ಬನೇ, ಬೆಲೆಯೂ ಅವನದೇ. ಸಂತೆಯಲ್ಲಾದರೆ ಹತ್ತು ಜನ ಕೇಳುವವರಿರುತ್ತಾರೆ.

ಶಾಸನ ಓದಲು ಪಂಡಿತರಿದ್ದಾರೆ. ಟವೆಲಿನ ಮರೆಯ ಬೆರಳ ಲೆಕ್ಕವೂ ಬರೆದಿಡಬೇಕಾದದ್ದೇ. ಶಾಲೆಯ ಈ ಸುವರ್ಣ ವರ್ಷದಲ್ಲಿ ನಮ್ಮ ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೇಳಿ ಅದನ್ನು ಬರೆದಿಡಲಿ. ಶನಿವಾರ ಗೈರಾಗುವ ಹುಡುಗರೇ ಈ ಕೆಲಸಕ್ಕೆ ಮುಂದಾಳುಗಳಾಗಲಿ.