ಕಟ್ಟಿ ಕಲಿತ ಗಣಕವಿದ್ಯೆ

ಶಾಸ್ತ್ರಪಾಠ ಮೊದಲು, ಪ್ರಯೋಗ ಅನಂತರ ಎಂಬುದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಗಣಕಯಂತ್ರದ ಒಳರಚನೆಯನ್ನು ಕುರಿತ ವಿದ್ಯೆಯಾದರೋ ಮುಂಬಯಿಯಲ್ಲಿ ಈ ಕ್ರಮವನ್ನು ಪಾಲಿಸಲಿಲ್ಲ. ಪಠ್ಯಕ್ರಮವಾಗಲಿ, ಪರೀಕ್ಷೆಯಾಗಲಿ, ಪದವಿಯಾಗಲಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಯಂತ್ರವನ್ನು ಕಟ್ಟುತ್ತ ಕಟ್ಟುತ್ತಲೇ ಅದರ ತತ್ತ್ವವನ್ನು ಅರಿತುಕೊಂಡ ಕೆಲವು ತರುಣರಿಂದ ಅದು ಆರಂಭವಾಯಿತು.

ಆ ತರುಣರಿಗೆ ಆಶ್ರಯವಿತ್ತ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರೇ ಎಷ್ಟೋ ಸಲ ಮರೆಯುವುದುಂಟು. 1945ರಲ್ಲಿ ಹೋಮಿ ಭಾಭಾ ಅವರು ಅಲ್ಲಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅದಕ್ಕೆ ಅಂಕುರಾರ್ಪಣೆ ಮಾಡಿ, ಅದೇ ವರ್ಷಾಂತ್ಯದಲ್ಲಿ ಮುಂಬಯಿಯ ಪೆಡ್ಡರ್ ರಸ್ತೆಗೂ, ಮುಂದೆ ಗೇಟ್‌ವೇ ಆಫ್ ಇಂಡಿಯಾದ ಮಗ್ಗುಲಿನ ಹಳೆಯ ಯಾಟ್ ಕ್ಲಬ್ಬಿಗೂ ಅದನ್ನು ಸಾಗಿಸಿದರು. ಗಣಿತದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕದಿಂದ ಮರಳಿದ ಆರ್. ನರಸಿಂಹನ್ ಅವರು 1954ರಲ್ಲಿ ಈ ಸಂಸ್ಥೆಯನ್ನು ಸೇರಿದರು. ಅವರ ಸುತ್ತ ನೆರೆದ ಪುಟ್ಟ ಗುಂಪಿನಲ್ಲಿ ಹಿಂದೆ ಗಣಕವೊಂದನ್ನು ವಿನ್ಯಾಸಗೊಳಿಸಿದ ಅನುಭವ ಯಾರಿಗೂ ಇರಲಿಲ್ಲ. ಪ್ರಿನ್ಸ್‌ಟನ್ನಿನಲ್ಲಿ ಫಾನ್ ನಾಯ್ಮನ್ ಮತ್ತು ಸಂಗಡಿಗರು ರೂಪಿಸಿದ್ದ ವಿನ್ಯಾಸವೇ ಅವರಿಗೆ ಮಾರ್ಗದರ್ಶಕವಾಯಿತು. 1955ರಲ್ಲಿ ತೊಡಗಿದ ಚಿಕ್ಕ ಮಾದರಿ ಯಂತ್ರ ಮರುವರ್ಷ ಕೆಲಸ ಮಾಡಿತು. ಅದರ ಬೆನ್ನಿಗೇ ಕೈಗೆತ್ತಿಕೊಂಡ ಪೂರ್ಣಪ್ರಮಾಣದ ಯಂತ್ರ 1960ರ ಫೆಬ್ರವರಿಯಲ್ಲಿ ಕಾರ್ಯಾರಂಭಿಸಿತು. ಕೊಲಾಬಾದ ಕಡಲಂಚಿನಲ್ಲಿ ಸಂಸ್ಥೆಯ ನೂತನ ಭವನವನ್ನು 1962ರ ಜನವರಿಯಲ್ಲಿ ಉದ್ಘಾಟಿಸಲು ಬಂದ ನೆಹರೂ ಅವರು ಆ ಯಂತ್ರಕ್ಕೆ ಟಿಫ್ರಾಕ್ ಎಂದು ನಾಮಕರಣ ಮಾಡಿದರು.

ಸುಮಾರು 2,700 ವಾಲ್ವ್‌ಗಳಿದ್ದ ಈ ಯಂತ್ರದ ಸ್ಮೃತಿಕೋಶದಲ್ಲಿ ನಲವತ್ತು ದ್ವಿಮಾನಾಂಕಗಳ 2,048 ಪದಗಳು ಹಿಡಿಯುತ್ತಿದ್ದವು. ಎಂದರೆ 81,920 ಅಂಕಗಳು, ಇಂದಿನ ಲೆಕ್ಕದಲ್ಲಿ ಹತ್ತು ಕಿಲೋಬೈಟ್. ಒಂದೊಂದು ಅಂಕಕ್ಕೂ ಫೆರೈಟಿನ ಒಂದೊಂದು ಸೂಕ್ಷ್ಮ ಉಂಗುರ. ಗಿರಣಿಗಳ ಆ ನಗರದಲ್ಲಿ ಹಾಸುಹೊಕ್ಕಿನ ನೂಲನ್ನು ಬಲ್ಲವರಿಗೆ, ಉಂಗುರಗಳ ನಡುವೆ ತಂತಿ ಪೋಣಿಸಿದ ಆ ಚೌಕಟ್ಟು ಅಪರಿಚಿತವಾಗಿ ತೋರುತ್ತಿರಲಿಲ್ಲ. ಉದ್ದತಂತಿಯಲ್ಲಿ ಅರ್ಧ, ಅಡ್ಡತಂತಿಯಲ್ಲಿ ಅರ್ಧ ವಿದ್ಯುತ್ಪ್ರವಾಹವನ್ನು ಹರಿಸಿದಾಗ, ಅವೆರಡೂ ಸಂಧಿಸುವ ಉಂಗುರವೊಂದೇ ತನ್ನ ಕಾಂತತ್ವದ ದಿಕ್ಕನ್ನು ಬದಲಿಸುತ್ತದೆ. ಅರ್ಧವನ್ನಷ್ಟೇ ಪಡೆದ ಉಳಿದವು ಅಲುಗುವುದಿಲ್ಲ. ಉಂಗುರವೊಂದರಲ್ಲಿರುವುದು ಒಂದೋ ಸೊನ್ನೆಯೋ ಎಂದು ತಿಳಿಯಬೇಕಾದರೆ ಅದನ್ನು ಸೊನ್ನೆಯ ಕಡೆಗೆ ತಿರುಗಿಸಿಯೇ ನೋಡಬೇಕು. ಅದು ತಿರುಗಿತೆಂದರೆ ಒಂದು ಇತ್ತು; ಆದರೆ ಈಗ ಇಲ್ಲ. ಓದಿದೊಡನೆ ಅಳಿದುಹೋಗುವ ಆ ಅಂಕವನ್ನು ಯಂತ್ರ ಮರುಕ್ಷಣವೇ ಮತ್ತೆ ಬರೆದಿಡಬೇಕಾಗುತ್ತಿತ್ತು. ಸ್ಮೃತಿಯ ವೇಗವನ್ನು ಗಣಿಸುವಾಗ ಓದು ಮತ್ತು ಮರುಬರಹಗಳೆರಡನ್ನೂ ಸೇರಿಸಿಕೊಳ್ಳಬೇಕೆಂಬ ಪಾಠವನ್ನು ಈ ತರುಣರು ಕಲಿತದ್ದು ಕೈಯಲ್ಲಿ ಬೆಸುಗೆಯ ಸಲಾಕೆ ಹಿಡಿದೇ.

ಯಂತ್ರ ಸಿದ್ಧವಾಗುವಷ್ಟರಲ್ಲಿ ಲೋಕ ಟ್ರಾನ್ಸಿಸ್ಟರಿನ ಕಡೆಗೆ ಹೊರಳಿತ್ತು. 1964ರಲ್ಲಿ ಅದೇ ಸಂಸ್ಥೆಗೆ ಅಮೆರಿಕದ ಸಿ.ಡಿ.ಸಿ. 3600 ಗಣಕ ಬಂದು, ಟಿಫ್ರಾಕ್ ತೆರೆಮರೆಗೆ ಸರಿಯಿತು. ಇದನ್ನು ವ್ಯರ್ಥ ಪ್ರಯಾಸವೆಂದು ಎಣಿಸುವವರಿದ್ದಾರೆ. ನನಗೆ ಹಾಗನ್ನಿಸದು; ಏಕೆಂದರೆ ಕೊಂಡು ತಂದ ಯಂತ್ರವನ್ನು ಹೆದರದೆ ಬಿಚ್ಚಿ ನೋಡಬಲ್ಲವರು ದೊರೆತದ್ದು ಈ ಪ್ರಯಾಸದಿಂದಲೇ.

ನಗರದ ಇನ್ನೊಂದು ತುದಿಯಲ್ಲಿ ಕಥೆ ಬೇರೆಯಾಗಿತ್ತು. ಯುನೆಸ್ಕೋ ಮೂಲಕ ಸೋವಿಯತ್ ನೆರವು ಪಡೆದ ಐ.ಐ.ಟಿ. 1958ರಲ್ಲಿ ವರ್ಲಿಯ ರೇಷ್ಮೆ ಗಿರಣಿಗಳ ಸಂಶೋಧನ ಸಂಘದ ಕಟ್ಟಡದಲ್ಲಿ ನೂರು ವಿದ್ಯಾರ್ಥಿಗಳೊಂದಿಗೆ ತೊಡಗಿ, ಬಳಿಕ ಪವಾಯಿ ಕೆರೆಯ ದಡಕ್ಕೆ ಹೋಯಿತು. ಅಲ್ಲಿಗೆ ಬಂದದ್ದು ಮಿನ್ಸ್ಕ್-2 ಎಂಬ ಸೋವಿಯತ್ ಗಣಕ: ಮೂವತ್ತೇಳು ದ್ವಿಮಾನಾಂಕಗಳ ಪದ, ಒಂದೊಂದು ಆದೇಶದಲ್ಲಿಯೂ ಎರಡೆರಡು ವಿಳಾಸ. ಕೊಲಾಬಾದ ಸಿ.ಡಿ.ಸಿ.ಯಲ್ಲಾದರೋ ಪದ ನಲವತ್ತೆಂಟು ಅಂಕಗಳದು. ಒಂದರ ಕ್ರಮವಿಧಿ ಇನ್ನೊಂದಕ್ಕೆ ಸಲ್ಲದು. 1970ರ ದಶಕದಲ್ಲಿ ಪವಾಯಿಗೆ ಬಂದ ಇ.ಸಿ. 1030 ಯಂತ್ರದ ವಿಚಾರ ಇದಕ್ಕಿಂತ ಸ್ವಾರಸ್ಯಕರ. ಅದು ನಿರ್ಮಾಣದಲ್ಲಿ ಸೋವಿಯತ್, ಆದೇಶಗಳಲ್ಲಿ ಐ.ಬಿ.ಎಂ. ಕಂಪನಿಯ ಸಿಸ್ಟಮ್ 360ರ ಅನುಸರಣೆ. ಯಂತ್ರ ಹೊರಗಿನಿಂದ ಹೇಗೆ ವರ್ತಿಸಬೇಕೆಂಬ ಒಪ್ಪಂದ ಬೇರೆ, ಒಳಗೆ ಅದನ್ನು ಯಾವ ಸಾಮಗ್ರಿಯಿಂದ ಹೇಗೆ ಕಟ್ಟಬೇಕೆಂಬುದು ಬೇರೆ ಎಂದು 1964ರಲ್ಲಿ ಐ.ಬಿ.ಎಂ. ತಜ್ಞರು ಪ್ರತಿಪಾದಿಸಿದ ತತ್ತ್ವಕ್ಕೆ, ಶೀತಲಸಮರದ ಎದುರುಪಕ್ಷದವರು ಕಟ್ಟಿದ ಈ ಯಂತ್ರಕ್ಕಿಂತ ಉತ್ತಮ ನಿದರ್ಶನ ಯಾವ ಅಧ್ಯಾಪಕನಿಗೆ ದೊರೆತೀತು? 1978ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟು ಹೋದರೂ ಅದರ ರಚನಾತತ್ತ್ವ ಪವಾಯಿಯಲ್ಲಿ ಉಳಿಯಿತು.

ವಿಷಯವು ಪಠ್ಯಕ್ರಮವಾಗಿ ಉಪನಗರಗಳಿಗೆ ಹಬ್ಬಿದ್ದು 1980ರ ದಶಕದಿಂದೀಚೆಗೆ, ಬಾಂದ್ರಾ, ಚೆಂಬೂರು ಮೊದಲಾದೆಡೆ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದ ಮೇಲೆ. ಡೊಂಬಿವಿಲಿಯಿಂದಲೋ ಮುಲುಂಡಿನಿಂದಲೋ ಲೋಕಲ್ ಗಾಡಿಯಲ್ಲಿ ಬಂದ ಮಕ್ಕಳು, ಕನ್ನಡ ಮನೆಗಳವರೂ ಅವರಲ್ಲುಂಟು, 8085 ಮತ್ತು 8086 ಚಿಪ್‌ಗಳ ಕಿಟ್‌ಗಳ ಮೇಲೆ ಆದೇಶಗಳನ್ನು ಒಂದೊಂದಾಗಿ ಒತ್ತಿ ಕಲಿತರು. ಪ್ರಾಜೆಕ್ಟಿಗೆ ಬೇಕಾದ ಬಿಡಿಭಾಗಗಳಿಗೆ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿದ್ದವು. ಪರೀಕ್ಷೆಗಾಗಿ ರೇಖಾಚಿತ್ರಗಳನ್ನು ಬಾಯಿಪಾಠ ಮಾಡುವ ಅಭ್ಯಾಸವೂ ಆಗಲೇ ಬೆಳೆಯಿತು. ಅದನ್ನು ವಿಸ್ತರಿಸುವ ಅಗತ್ಯವಿಲ್ಲ.

ಕಟ್ಟಿ ಕಲಿಯುವ ಪದ್ಧತಿ ಪವಾಯಿಯಲ್ಲಿ ಮತ್ತೆ ಕಾಣಿಸಿದ್ದು 2019ರಲ್ಲಿ ಪ್ರಕಟವಾದ ಅಜಿತ್ ಎಂಬ ಸಂಸ್ಕಾರಕದಲ್ಲಿ. ಪ್ರಾಧ್ಯಾಪಕ ಮಾಧವ ದೇಸಾಯಿ ಅವರ ನೇತೃತ್ವದಲ್ಲಿ ವಿದ್ಯಾರ್ಥಿಗಳೂ ದುಡಿದು ರೂಪಿಸಿದ ಈ ಯಂತ್ರಹೃದಯವನ್ನು ದೇಶದ ಪ್ರಥಮವೆಂದು ಪತ್ರಿಕೆಗಳು ಕೊಂಡಾಡಿದವು; ಆದರೆ ಮದರಾಸಿನ ಐ.ಐ.ಟಿ.ಯವರು ಶಕ್ತಿ ಎಂಬ ತಮ್ಮ ಸಂಸ್ಕಾರಕವನ್ನು ಅದಕ್ಕೂ ಮೊದಲೇ ತೋರಿಸಿದ್ದರಾದ್ದರಿಂದ ಆ ಬಿರುದನ್ನು ಎಚ್ಚರದಿಂದ ಬಳಸುವುದು ಮೇಲು. ಅಜಿತ್‌ನ ಆದೇಶಾವಳಿ ಅಮೆರಿಕದ ಸನ್ ಕಂಪನಿ ರೂಪಿಸಿದ ಸ್ಪಾರ್ಕ್‌ನದು, ಒಳರಚನೆ ಪವಾಯಿಯವರದು, ಚಿಪ್ ತಯಾರಾದದ್ದು ಮೊಹಾಲಿಯ ಸರಕಾರಿ ಕಾರ್ಖಾನೆಯಲ್ಲಿ, ಲೋಕದ ಮುಂಚೂಣಿಯ ಕಾರ್ಖಾನೆಗಳು ಅದಕ್ಕಿಂತ ಹೆಚ್ಚುಕಡಮೆ ಇಪ್ಪತ್ತು ವರ್ಷಗಳ ಹಿಂದೆ ಬಳಸಿದ್ದ 180 ನ್ಯಾನೋಮೀಟರ್ ವಿಧಾನದಿಂದ.